ಗೃಹಲಕ್ಷ್ಮಿಗೆ ಮೂರು ಸಾವಿರ, ಸಾಲ ಮನ್ನಾ, ಡೀಸೆಲ್ ತೆರಿಗೆನೂ ಇಳಿಕೆ: ದುಡ್ಡು ಎಲ್ಲಿಂದ?

ಅರಸೀಕೆರೆ ತೆಂಗು: ಮೊನ್ನೆ ನಮ್ಮೂರಿಗೆ ಬಂದ ಮುಖಂಡರೊಬ್ಬರು ಈ ಮೂರೂ ಮಾತು ಕೊಟ್ಟು ಹೋದ್ರು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಮನೆಗೆ ಬಂದು ಲೆಕ್ಕ ಹಾಕಿದೆ. ಗೃಹಲಕ್ಷ್ಮಿ ತಗೊಳ್ಳೋರು ಸುಮಾರು 1.2 ಕೋಟಿ ಹೆಂಗಸರು. ತಿಂಗಳಿಗೆ ಈಗಿನ ಎರಡು ಸಾವಿರದ ಮೇಲೆ ಇನ್ನೊಂದು ಸಾವಿರ ಅಂದ್ರೆ ವರ್ಷಕ್ಕೆ 14,400 ಕೋಟಿ ಹೆಚ್ಚುವರಿ. ಎಲ್ಲಿಂದ ತರ್ತೀರಿ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ.

ಸಕಲೇಶಪುರ ಮೇಷ್ಟ್ರು: 2025-26ರ ರಾಜ್ಯ ಬಜೆಟ್ ನೋಡಿ. ರಾಜಸ್ವ ಆದಾಯ, ಅಂದ್ರೆ ಸಾಲ ಬಿಟ್ಟು ತೆರಿಗೆ, ಅನುದಾನದಂಥ ವರಮಾನ, 2,92,477 ಕೋಟಿ. ರಾಜಸ್ವ ವೆಚ್ಚ, ಅಂದ್ರೆ ದಿನನಿತ್ಯದ ಖರ್ಚು, 3,11,739 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇಷ್ಟಕ್ಕೇ 19,262 ಕೋಟಿ ಸಾಲ ಬೇಕು. ವಿತ್ತೀಯ ಕೊರತೆ, ಅಂದ್ರೆ ಒಟ್ಟು ಖರ್ಚಲ್ಲಿ ಸಾಲದಿಂದ ತುಂಬೋ ಭಾಗ, ರಾಜ್ಯದ ಒಟ್ಟು ಉತ್ಪನ್ನದ ಶೇ 2.95, ಕಾನೂನಿನ ಮಿತಿ ಶೇ 3. ಮಧ್ಯೆ ಉಳಿದ ಜಾಗ ಹೆಚ್ಚುಕಮ್ಮಿ 1,500 ಕೋಟಿ. ಅದರೊಳಗೆ 14,400 ಕೋಟಿ ಹೇಗೆ ತುರುಕ್ತಾರೆ?

ಬೇಲೂರಿನ ಹುಡುಗಿ: ಮೇಷ್ಟ್ರೇ, ಹೆಂಗಸರ ದುಡ್ಡಿನ ವಿಷಯ ಬಂದಾಗ್ಲೇ ಎಲ್ಲರಿಗೂ ಲೆಕ್ಕ ನೆನಪಾಗೋದು ನನಗೆ ನೋವು ತರುತ್ತೆ. ಅದೇ ಬಜೆಟ್ಟಲ್ಲಿ ಐದೂ ಗ್ಯಾರಂಟಿಗೆ ಇಟ್ಟಿದ್ದು 51,034 ಕೋಟಿ. 4.09 ಲಕ್ಷ ಕೋಟಿ ಬಜೆಟ್ಟಲ್ಲಿ ಎಂಟರಲ್ಲಿ ಒಂದು ಪಾಲು. ನಮ್ಮಮ್ಮ ಆ ಎರಡು ಸಾವಿರ ಬಂದ ದಿನವೇ ಹಸುವಿಗೆ ಬೂಸಾ ಮೂಟೆ ತರ್ತಾರೆ, ಅಂಗಡಿಯ ಹಳೇ ಬಾಕಿ ತೀರಿಸ್ತಾರೆ. ಮೊದಲು ಅಪ್ಪನ ಹತ್ರ ಕೈಚಾಚಿ ನಿಲ್ತಿದ್ರು. ಅದನ್ನ ದಂಡದ ಖರ್ಚು ಅನ್ನಬೇಡಿ.

ಸಕಲೇಶಪುರ ಮೇಷ್ಟ್ರು: ಇಲ್ಲಮ್ಮ, ಎರಡು ಸಾವಿರ ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಅದರ ಮೇಲೆ ಇನ್ನೊಂದು ಸಾವಿರ ಸೇರಿಸಿ ತೆರಿಗೆನೂ ಇಳಿಸ್ತೀನಿ ಅನ್ನೋ ಮಾತು ಕೂಡೋದಿಲ್ಲ ಅಂತಿದ್ದೀನಿ.

ಚನ್ನರಾಯಪಟ್ಟಣ ರೈತ: ಕೇಂದ್ರದ್ದೂ ಹೇಳಿ ಸಾರ್. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯನ್ನ ರಾಜ್ಯಗಳಿಗೆ ಹಂಚಿದಾಗ ನಮ್ಮ ಪಾಲು ಶೇ 4.713ರಿಂದ 3.647ಕ್ಕೆ ಇಳೀತು. ಜಿಎಸ್‌ಟಿಯಿಂದ ರಾಜ್ಯಕ್ಕಾದ ನಷ್ಟಕ್ಕೆ ಕೇಂದ್ರ ಕೊಡ್ತಿದ್ದ ಪರಿಹಾರ 2022ರ ಜೂನ್‌ಗೆ ನಿಂತೋಯ್ತು. ಆಮೇಲೆ ರಾಜ್ಯದ ಕೈಯಲ್ಲಿ ಉಳಿದದ್ದು ಡೀಸೆಲ್, ಹೆಂಡ, ನೋಂದಣಿ, ಇಂಥವೇ.

ಅರಸೀಕೆರೆ ತೆಂಗು: ಒಪ್ತೀನಿ. ಆದ್ರೆ ಆ ಡೀಸೆಲ್ ಭಾರ ಬೀಳೋದು ನಮ್ಮ ಮೇಲೇ. ತೆರಿಗೆ 2024ರ ಜೂನ್‌ನಲ್ಲಿ, ಲೋಕಸಭೆ ಚುನಾವಣೆ ಮುಗಿದ ಮೇಲೆ, ಶೇ 14.3ರಿಂದ 18.4 ಆಯ್ತು. 2025ರ ಏಪ್ರಿಲ್‌ನಲ್ಲಿ 21.17. ಟ್ರ್ಯಾಕ್ಟರ್‌ನೋನು ಉಳುಮೆಗೆ ಗಂಟೆ ಲೆಕ್ಕದಲ್ಲಿ ರೇಟ್ ಏರಿಸಿದ. ಕೇಳಿದ್ರೆ ಬಂಕ್ ಬಿಲ್ ತೋರಿಸ್ತಾನೆ. ಅವನ ತಪ್ಪೇನೂ ಇಲ್ಲ.

ಚನ್ನರಾಯಪಟ್ಟಣ ರೈತ: 2018 ನೆನಪಿದ್ಯಾ? ನಮ್ಮ ಜಿಲ್ಲೆಯವರೇ ಆದ ಕುಮಾರಸ್ವಾಮಿ ಮುಖ್ಯಮಂತ್ರಿ. ಜುಲೈ ಬಜೆಟ್ಟಲ್ಲಿ 34,000 ಕೋಟಿ ಸಾಲ ಮನ್ನಾ ಅಂದ್ರು. ಅದೇ ಬಜೆಟ್ಟಲ್ಲಿ ಪೆಟ್ರೋಲ್ ತೆರಿಗೆ 30ರಿಂದ 32, ಡೀಸೆಲ್ 19ರಿಂದ 21 ಮಾಡಿದ್ರು. ಅವತ್ತು ಬೈದೆ. ಈಗ ಅನ್ಸುತ್ತೆ, ಕೊಡೋದು ತಗೊಳ್ಳೋದು ಎರಡನ್ನೂ ಒಂದೇ ಸಲ ಬಾಯಿಬಿಟ್ಟು ಹೇಳಿದ್ರಲ್ಲ, ನಮಗೆ ಬೇಕಾಗಿರೋದು ಅದೇ.

ಅರಸೀಕೆರೆ ತೆಂಗು: ಮುಂದಿನ ಸಭೆಗೆ ಈ ಅಂಕಿಗಳನ್ನ ಚೀಟಿಯಲ್ಲಿ ಬರ್ಕೊಂಡು ಹೋಗ್ತೀನಿ. ಯಾವ ತೆರಿಗೆ ಏರಿಸ್ತೀರಿ, ಯಾವ ಖರ್ಚು ಕಡಿತೀರಿ ಅಂತ ನಿಂತು ಕೇಳ್ತೀನಿ.

ಬೇಲೂರಿನ ಹುಡುಗಿ: ಯಾವತ್ತು ಅಂತ ತಿಳಿಸಿ ಅಣ್ಣ. ಅಮ್ಮನ್ನೂ ಕರ್ಕೊಂಡು ಬರ್ತೀನಿ. ಅವರೂ ಕೇಳಲಿ.