ವಿಂಕ್ಲರ್ ಟೈಟ್ರೇಶನ್‌ನಲ್ಲಿ ಆಮ್ಲಜನಕ ಯಾಕೆ ಜಾಸ್ತಿ ಬರುತ್ತೆ?

ಪ್ರಶ್ನೆ: ಕಡಲಾಳದ ನೀರಿನ ಕರಗಿದ ಆಮ್ಲಜನಕ ಸೆನ್ಸರ್‌ಗಿಂತ ವಿಂಕ್ಲರ್‌ನಲ್ಲಿ (ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯೋ ವಿಧಾನ) ಪ್ರತಿಸಲ ಹೆಚ್ಚು ಬರ್ತಿದೆ. ಬಾಟಲಿ 300 ಮಿ.ಲೀ., ಟೈಟ್ರೇಶನ್‌ಗೆ ಹಾಕೋ ಥಯೋಸಲ್ಫೇಟ್ ದ್ರಾವಣ ಹೊಸದು. ಎಲ್ಲಿ ತಪ್ಪು?

ಉತ್ತರ 1: ತುಂಬುವಾಗಲೇ ಗಾಳಿ ಸೇರಿರುತ್ತೆ. ಆಮ್ಲಜನಕ ಕಡಿಮೆ ಇರೋ ನೀರಿಗೆ ಒಂದು ಗುಳ್ಳೆ ಸಾಕು, ಲೆಕ್ಕ ಕೆಡುತ್ತೆ. ಆಳದ ನೀರು ತರೋ ನಿಸ್ಕಿನ್ ಬಾಟಲಿಯಿಂದ ಆಮ್ಲಜನಕದ ಮಾದರಿಯನ್ನೇ ಮೊದಲು ತೆಗೆಯಿರಿ. ನಳಿಕೆ ತಳ ಮುಟ್ಟಿರಲಿ, ಬಾಟಲಿಯ ಎರಡು-ಮೂರು ಪಟ್ಟು ನೀರು ಉಕ್ಕಿ ಹೋಗಲಿ, ಆಮೇಲೆ ನಳಿಕೆಯನ್ನು ನಿಧಾನ ಹೊರಗೆ ಎಳೆಯಿರಿ.

ಉತ್ತರ 2: ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ತಲಾ 1 ಮಿ.ಲೀ.; ಪಿಪೆಟ್ ತುದಿ ನೀರೊಳಗೇ ಇರಬೇಕು. ಆಮ್ಲ ಹಾಕಿದ ಮೇಲೆ ಬಿಸಿಲಿಗೆ ಇಡಬೇಡಿ, ಅಯೊಡೈಡ್ ಗಾಳಿಗೆ ಉತ್ಕರ್ಷಿಸಿ ಅಯೊಡಿನ್ ಹೆಚ್ಚಾಗಿ ಅಳತೆ ಏರುತ್ತೆ. ಅಯೊಡಿನ್ ಇದ್ದರೆ ನೀಲಿ ತೋರಿಸೋ ಸ್ಟಾರ್ಚ್ ಹಾಕೋದು ದ್ರಾವಣ ತಿಳಿಹಳದಿಗೆ ಬಂದ ಮೇಲೆ. ನೀಲಿ ಹೋಗಿ ಮತ್ತೆ ಮರಳಿದರೆ ಅದನ್ನು ಲೆಕ್ಕಕ್ಕೆ ಹಿಡೀಬೇಡಿ.

ಉತ್ತರ 3: ಅಂದ ಹಾಗೆ, ಸೆನ್ಸರನ್ನೇ ವಿಂಕ್ಲರ್‌ಗೆ ಹೊಂದಿಸೋದು ವಾಡಿಕೆ. ಸೆನ್ಸರ್ ಸರಿ ಅಂತ ಮೊದಲೇ ನಂಬಬೇಡಿ.