ಏಣಿ ಮೇಲೆ ನಿಂತು ಎಷ್ಟು ಎತ್ತರದವರೆಗೆ ಕೆಲಸ ಮಾಡಬಹುದು?

ಪ್ರಶ್ನೆ:
ಗೋದಾಮಿನ ಚಾವಣಿ ನೆಲದಿಂದ 5 ಮೀಟರ್. ಅಲ್ಲಿರುವ 20 ದೀಪಗಳನ್ನು ಕಳಚಿ ಹೊಸದು ಕೂರಿಸಬೇಕು, ಒಂದಕ್ಕೆ ಸುಮಾರು 15 ನಿಮಿಷ. ಕೈಯಲ್ಲಿರುವುದು 3 ಮೀಟರಿನ ಅಲ್ಯೂಮಿನಿಯಂ ಮಡಚುವ ಏಣಿ. ಜೊತೆಗೆ 4.8 ಮೀಟರ್ ಎತ್ತರದ ತಾರಸಿಗೆ ಹತ್ತಿಳಿಯಲು ಒರಗಿಸುವ ಏಣಿಯೊಂದನ್ನು ತರಿಸಬೇಕು. 2 ಮೀಟರ್ ದಾಟಿದರೆ ಏಣಿಯನ್ನೇ ಬಳಸುವಂತಿಲ್ಲ ಎನ್ನುತ್ತಾರೆ, ನಿಜವೇ? ಎಷ್ಟು ಉದ್ದದ್ದು ತರಿಸಬೇಕು? ಬಲ್ಲವರು ತಿಳಿಸಿ.

ಉತ್ತರ 1:
ಆ 2 ಮೀಟರ್ ಏಣಿಯ ಮಿತಿಯಲ್ಲ. ಬ್ರಿಟನ್ನಿನ ಹಳೆಯ ಕಟ್ಟಡ ನಿಯಮಗಳಲ್ಲಿ ಆ ಅಂಕಿ ಇತ್ತು. 2005ರ ನಿಯಮ ಬಂದಾಗ ಅದನ್ನು ಕೈಬಿಟ್ಟರು. ಅಮೆರಿಕದಲ್ಲಿ ಕಟ್ಟಡ ಕೆಲಸಕ್ಕೆ 6 ಅಡಿ, ಅಂದರೆ 1.8 ಮೀಟರ್ ದಾಟಿದರೆ ಬೀಳದಂತೆ ರಕ್ಷಣೆ ಬೇಕು ಎಂಬ ನಿಯಮವಿದೆ. ಇವೆರಡೂ ಬೆರೆತು ‘2 ಮೀಟರ್ ಮೇಲೆ ಏಣಿ ಬೇಡ’ ಎಂಬ ಮಾತು ಹುಟ್ಟಿಕೊಂಡಿರಬಹುದು. ನೋಡಬೇಕಾದ್ದು ಎತ್ತರಕ್ಕಿಂತ ಹೆಚ್ಚಾಗಿ ಮೂರು ವಿಷಯ: ಎಷ್ಟು ಹೊತ್ತು ನಿಲ್ಲಬೇಕು, ಹಿಡಿಯಲು ಒಂದು ಕೈ ಬಿಡುವಿದೆಯೇ, ಏಣಿ ಅಲುಗದಂತೆ ನಿಲ್ಲುತ್ತದೆಯೇ. ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಸಲಹೆಯಂತೆ ಒಂದು ಸಲಕ್ಕೆ 30 ನಿಮಿಷ ಮೀರುವ ಕೆಲಸಕ್ಕೆ ಏಣಿ ತಕ್ಕದ್ದಲ್ಲ.

ನಿಮ್ಮ ದೀಪದ ಕೆಲಸ ಒಂದೊಂದಾಗಿ ನೋಡಿದರೆ 15 ನಿಮಿಷ, ಸರಿ. ಆದರೆ ಫಿಟ್ಟಿಂಗ್ ಹಿಡಿಯಲು ಒಂದು ಕೈ, ಸ್ಕ್ರೂ ತಿರುಗಿಸಲು ಇನ್ನೊಂದು. ಏಣಿ ಹಿಡಿಯಲು ಕೈಯೇ ಉಳಿಯುವುದಿಲ್ಲ. ಎತ್ತರದ ಲೆಕ್ಕವೂ ಹೊಂದುವುದಿಲ್ಲ. 3 ಮೀಟರಿನ ಮಡಚುವ ಏಣಿಯಲ್ಲಿ ತುದಿಯ ಎರಡು ಮೆಟ್ಟಿಲು ಬಿಟ್ಟರೆ ಕಾಲಿಡುವುದು ಸುಮಾರು 2.4 ಮೀಟರಿನಲ್ಲಿ. ಕೈ ಮೇಲೆತ್ತಿದರೆ 4.5 ಮೀಟರ್, ಇನ್ನೂ ಅರ್ಧ ಮೀಟರ್ ಕಡಿಮೆ. ಆ ಅರ್ಧ ಮೀಟರಿಗಾಗಿಯೇ ಜನ ತುದಿ ಮೆಟ್ಟಿಲು ಏರುತ್ತಾರೆ. ಅಲ್ಲಿ ಮೊಣಕಾಲು ಆನಿಸಲೂ ಏನೂ ಇರುವುದಿಲ್ಲ, ಸ್ವಲ್ಪ ವಾಲಿದರೆ ಏಣಿ ಅಡ್ಡಕ್ಕೆ ಮಗುಚುತ್ತದೆ. 20 ದೀಪ ಎಂದರೆ 5 ಗಂಟೆಯ ಕೆಲಸ. ನಿಲ್ಲುವ ಹಲಗೆ 3 ಮೀಟರ್ ಎತ್ತರದಲ್ಲಿರುವ, ಸುತ್ತ ಹಿಡಿಗಂಬಿ ಇರುವ, ಚಕ್ರದ ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ತನ್ನಿ. ಚಕ್ರದ ಲಾಕ್ ಹಾಕಿ. ಮೇಲೆ ಆಳಿರುವಾಗ ತಳ್ಳುವುದಂತೂ ಬೇಡವೇ ಬೇಡ.

ಉತ್ತರ 2:
ಒರಗಿಸುವ ಏಣಿಯ ಲೆಕ್ಕ: ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ದೂರ. 4.8 ಮೀಟರ್ ಅಂಚಿಗೆ ಬುಡ ಗೋಡೆಯಿಂದ 1.2 ಮೀಟರ್ ಆಚೆ. ಆಗ ಕೋನ 75 ಡಿಗ್ರಿಯ ಆಸುಪಾಸು ಬರುತ್ತದೆ. ಅಂಚಿನವರೆಗೆ ಏಣಿಯ ಉದ್ದ 4.95 ಮೀಟರ್. ಮೇಲೆ ಕಾಲಿಡುವಾಗ ಹಿಡಿದುಕೊಳ್ಳಲು ಇನ್ನೂ 1 ಮೀಟರ್ ಅಂಚಿನಾಚೆಗೆ ಚಾಚಿರಬೇಕು. ಒಟ್ಟು 6 ಮೀಟರ್. ಎಳೆದು ಉದ್ದ ಮಾಡುವ ಏಣಿಯಾದರೆ 3.5 ಮೀಟರಿನ ಎರಡು ತುಂಡು ಬೇಕು. ಎರಡೂ ಸೇರಿ 7 ಮೀಟರ್ ಆದರೂ 1 ಮೀಟರಿನಷ್ಟು ಒಂದರ ಮೇಲೊಂದು ಇರಬೇಕಾದ್ದರಿಂದ ಬಳಕೆಗೆ ಸಿಗುವುದು 6.

ಬುಡ ಜಾರುವುದರ ಬಗ್ಗೆ ಒಂದು ಮಾತು. ಕೆಳಗಿನ ಎರಡು ಮೆಟ್ಟಿಲು ಹತ್ತಿ ಕುಣಿದು ನೋಡಿ ‘ಗಟ್ಟಿಯಾಗಿದೆ’ ಅಂದುಕೊಳ್ಳುವುದು ಮೋಸ. ಆಳು ಮೇಲೇರಿದಷ್ಟೂ ಬುಡವನ್ನು ಹೊರಗೆ ತಳ್ಳುವ ಒತ್ತಡ ಹೆಚ್ಚುತ್ತದೆ. ಕೆಳಗೆ ಅಲುಗದ ಏಣಿ ತುದಿಯಲ್ಲಿ ಸರ್ರನೆ ಜಾರಬಹುದು. ಎಣ್ಣೆ ಚೆಲ್ಲಿದ ನೆಲ, ನುಣುಪು ಟೈಲ್ಸ್, ಸವೆದ ರಬ್ಬರ್ ಬುಶ್ ಇದ್ದರೆ ಇನ್ನೂ ಬೇಗ. ಹಾಗಂತ ಬುಡವನ್ನು ಗೋಡೆಗೆ ತೀರಾ ಹತ್ತಿರ ತಂದರೆ ಏಣಿ ಹಿಂದಕ್ಕೆ ಬೀಳುತ್ತದೆ. ಆದ್ದರಿಂದ ತುದಿಯಲ್ಲಿ ಎರಡೂ ಪಕ್ಕದ ಕಂಬಗಳನ್ನು ಹಗ್ಗದಿಂದ ಬಿಗಿಯಿರಿ, ಮೆಟ್ಟಿಲಿಗೆ ಕಟ್ಟಬೇಡಿ. ಕೆಳಗೆ ಒಬ್ಬರು ಹಿಡಿದು ನಿಲ್ಲುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಪ್ಲಾಸ್ಟಿಕ್ ನೀರುದೋಣಿ, ಗಾಜಿಗೆ ಒರಗಿಸಲೇಬೇಡಿ.

ಉತ್ತರ 3:
ಸರ್, ಅಲ್ಯೂಮಿನಿಯಂ ಎಂದಿರಿ. ದೀಪದ ಲೈನ್ ಮೇನ್‌ನಲ್ಲೇ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡದೆ ಮುಟ್ಟಬೇಡಿ. ವಿದ್ಯುತ್ ಕೆಲಸಕ್ಕೆ ಫೈಬರ್‌ಗ್ಲಾಸ್ ಏಣಿ ಬೇಕು. ಮರದ್ದಾದರೂ ಒದ್ದೆಯಾದರೆ ಕರೆಂಟ್ ಹೊಡೆಯುತ್ತದೆ. ಮರದ ಏಣಿಗೆ ಬಣ್ಣ ಬಳಿದಿದ್ದರೆ ಕೊಳ್ಳಬೇಡಿ, ಬಿರುಕು ಕಾಣದಂತೆ ಮುಚ್ಚಿಹೋಗಿರುತ್ತದೆ. ಹಾಗೆಯೇ ಮೇಲಿನ ತಂತಿಗಳ ಕಡೆಗೂ ಗಮನವಿರಲಿ, ಉದ್ದ ಏಣಿ ಹೊತ್ತು ತಿರುಗಿಸುವಾಗಲೇ ಹೆಚ್ಚು ತಗಲುವುದು.

ತೂಕದ ಲೆಕ್ಕ ಆಳಿನದ್ದು ಮಾತ್ರವಲ್ಲ. ಐರೋಪ್ಯ ಗುಣಮಟ್ಟದ (ಇಎನ್ 131) ಏಣಿಗೆ ಗರಿಷ್ಠ 150 ಕೆಜಿ ಎಂದಿದ್ದರೆ ಅದರಲ್ಲಿ ಉಪಕರಣದ ಚೀಲ, ಡ್ರಿಲ್, ಹೊಸ ಫಿಟ್ಟಿಂಗ್ ಎಲ್ಲವೂ ಸೇರಿದೆ. ಭಾರದ ಸಾಮಾನು ಹಗ್ಗದಲ್ಲಿ ಮೇಲೆಳೆದುಕೊಳ್ಳಿ. ಹತ್ತುವಾಗ ಮೂರು ಆಧಾರ ಬಿಡಬಾರದು: ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು. ಬೆಲ್ಟಿನ ಬಕಲ್ ಎರಡು ಕಂಬಗಳ ನಡುವೆಯೇ ಇರಲಿ. ಅದನ್ನು ದಾಟುವಷ್ಟು ವಾಲಬೇಕೆಂದರೆ ಇಳಿದು ಏಣಿ ಸರಿಸಿ.

ಉತ್ತರ 1 ಕೊಟ್ಟವರಿಂದ ಮತ್ತೆ:
ಸೇಫ್ಟಿ ಬೆಲ್ಟಿನ ಕೊಕ್ಕೆಯನ್ನು ಏಣಿಗೇ ಹಾಕಿಕೊಳ್ಳುವವರಿದ್ದಾರೆ. ಏಣಿ ಬಿದ್ದರೆ ಆಳನ್ನೂ ಎಳೆದುಕೊಂಡೇ ಬೀಳುತ್ತದೆ. ಕೊಕ್ಕೆ ಕಟ್ಟಡದ ಗಟ್ಟಿ ಭಾಗಕ್ಕೇ ಹೋಗಬೇಕು. ತಾರಸಿಗೆ ದಿನವೂ ಹತ್ತಬೇಕಿದ್ದರೆ ಗೋಡೆಗೆ ಬೋಲ್ಟ್ ಹಾಕಿದ ಶಾಶ್ವತ ಏಣಿಯೇ ಲೇಸು. ಅಮೆರಿಕದಲ್ಲಿ 24 ಅಡಿ (7.3 ಮೀಟರ್) ಮೀರುವ ಅಂಥ ಏಣಿಗಳಲ್ಲಿ 2018ರ ನವೆಂಬರ್‌ನಿಂದ ಹೊಸದಾಗಿ ಹಾಕುವವಕ್ಕೆ ಸುತ್ತುಬಳೆಯ ಪಂಜರ ಸಾಲದು, ಬೀಳುವುದನ್ನು ತಡೆಯುವ ಹಳಿ ಅಥವಾ ಹಗ್ಗದ ವ್ಯವಸ್ಥೆ ಇರಲೇಬೇಕು. ನಿಮ್ಮದು 4.8, ಅಲ್ಲಿಗೆ ತಲುಪುವುದಿಲ್ಲ. ಮೇಲೆ ತಾರಸಿಗೆ ಕಾಲಿಡುವಲ್ಲಿ ಹಿಡಿಗಂಬಿ ಮಾತ್ರ ಮರೆಯಬೇಡಿ.