ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕಾರ್ಖಾನೆಯ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಣ ಘಟಕ): ಪಿಹೆಚ್ 9 ಇದ್ದರೂ ತಾಮ್ರ ಇಳಿಯುತ್ತಿಲ್ಲ

ಪೀಣ್ಯ_ಆಪರೇಟರ್: ಸಾಕಾಗಿ ಹೋಗಿದೆ. ತಾಮ್ರ ಗಟ್ಟಿಯಾಗಿ ಬೇರ್ಪಡಲಿ ಅಂತ ಕಾಸ್ಟಿಕ್ ಸೋಡಾ ಹಾಕಿ ಪಿಹೆಚ್ 9ಕ್ಕೆ ತರುತ್ತೇವೆ, ಪಾಲಿ (ಕಣಗಳನ್ನು ಒಟ್ಟುಗೂಡಿಸುವ ಪಾಲಿಮರ್) ಹಾಕುತ್ತೇವೆ, ಸ್ಲಡ್ಜ್ (ಕೆಸರು) ಚೆನ್ನಾಗೇ ಕೂರುತ್ತದೆ. ಆದರೂ ಔಟ್‌ಲೆಟ್‌ನಲ್ಲಿ ತಾಮ್ರ ಲೀಟರಿಗೆ 14 ಮಿಲಿಗ್ರಾಂ. ಮಿತಿ 3. ಮೊದಲೆಲ್ಲ ಸರಿಯಾಗೇ ಇತ್ತು. ಏನು ಮಾಡಲಿ, ಬೇಗ ಹೇಳಿ.

ಟ್ಯೂಬ್‌ಸೆಟ್ಲರ್: ಪಿಹೆಚ್ ಪ್ರೋಬ್ ಕೆಟ್ಟಿದೆ. ಕ್ಯಾಲಿಬ್ರೇಟ್ ಮಾಡಿ.

ಪೀಣ್ಯ_ಆಪರೇಟರ್: ಬೆಳಿಗ್ಗೇನೇ ಪಿಹೆಚ್ 7 ಮತ್ತು 10ರ ಬಫರ್‌ನಲ್ಲಿ (ಪಿಹೆಚ್ ಗೊತ್ತಿರುವ ದ್ರಾವಣ) ಮಾಡಿದೆ. ಸರಿ ಇದೆ.

ಟ್ಯೂಬ್‌ಸೆಟ್ಲರ್: ಆದರೂ ಪ್ರೋಬೇ ಸರ್. ಸ್ಲಡ್ಜ್ ಮೆತ್ತಿಕೊಂಡಿದ್ದರೆ ಟ್ಯಾಂಕ್‌ನಲ್ಲಿ ರೀಡಿಂಗ್ ತಪ್ಪು ತೋರಿಸುತ್ತದೆ. ಆಸಿಡ್‌ನಲ್ಲಿ ಅದ್ದಿ ತೊಳೆಯಿರಿ, ಪಿಹೆಚ್ 10.5ಕ್ಕೆ ಏರಿಸಿ ನೋಡಿ.

ಸುಣ್ಣ_ಪ್ರಿಯ: ಕಾಸ್ಟಿಕ್ ಬಿಟ್ಟು ಸುಣ್ಣ ಹಾಕಿ. ಫ್ಲಾಕ್ (ಕಣಗಳ ಗುಪ್ಪೆ) ದಪ್ಪ ಬರುತ್ತದೆ, ದುಡ್ಡೂ ಉಳಿಯುತ್ತದೆ.

ಟ್ಯೂಬ್‌ಸೆಟ್ಲರ್: ಎಲ್ಲಿ ಉಳಿಯುತ್ತದೆ? ಸ್ಲಡ್ಜ್ ಜಾಸ್ತಿ ಆಗುತ್ತದೆ, ಅದರಲ್ಲಿ ತಾಮ್ರದ ಪಾಲು ಕಡಿಮೆ. ರೀಸೈಕಲ್ ಮಾಡುವವರು ರೇಟ್ ಇಳಿಸುತ್ತಾರೆ.

ಸುಣ್ಣ_ಪ್ರಿಯ: ಫಿಲ್ಟರ್ ಪ್ರೆಸ್ (ಸ್ಲಡ್ಜ್‌ನ ನೀರು ಹಿಂಡುವ ಯಂತ್ರ) ಸರಿಯಾಗಿ ಓಡಿಸೋಕೆ ಬಂದರೆ ಆ ತೊಂದರೆನೇ ಇರಲ್ಲ.

ಲ್ಯಾಬ್_ಮೇಷ್ಟ್ರು: ಸುಣ್ಣದ ಜಗಳ ಆಮೇಲೆ ಮಾಡಿ. ಸರ್, ಔಟ್‌ಲೆಟ್ ನೀರನ್ನು ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಸೋಸಿದ ನೀರು ಯಾವ ಬಣ್ಣ? ಇಟಿಪಿಗೆ ಯಾವ ಯಾವ ಲೈನಿನ ನೀರು ಬರುತ್ತದೆ?

ಪೀಣ್ಯ_ಆಪರೇಟರ್: ತಿಳಿಯಾಗಿದೆ, ಆದರೆ ತೆಳು ನೀಲಿ. ಪ್ಲೇಟಿಂಗ್ (ತಾಮ್ರ ಲೇಪನ) ರಿನ್ಸ್ ಅಂದರೆ ತೊಳೆದ ನೀರು, ಮೈಕ್ರೋಎಚ್ (ತಾಮ್ರದ ಮೇಲ್ಮೈಯನ್ನು ತೆಳುವಾಗಿ ಕೊರೆಯುವ) ರಿನ್ಸ್, ಜೊತೆಗೆ ಬೇಡದ ತಾಮ್ರ ಕರಗಿಸಿ ತೆಗೆಯುವ ಹೊಸ ಆಲ್ಕಲೈನ್ ಎಚಿಂಗ್ ಮೆಷಿನ್ ರಿನ್ಸ್. ಎಲ್ಲಾ ಒಂದೇ ಟ್ಯಾಂಕ್‌ಗೆ.

ಲ್ಯಾಬ್_ಮೇಷ್ಟ್ರು: ಸಿಕ್ಕಿತು. ಆಲ್ಕಲೈನ್ ಎಚಿಂಗ್ ಅಂದರೆ ಅಮೋನಿಯಾ. ಅದು ತಾಮ್ರವನ್ನು ನೀರಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಆ ನೀಲಿ ಅದರದ್ದೇ. ಸೋಸಿದರೂ ನೀಲಿ ಹೋಗಲಿಲ್ಲ ಅಂದರೆ ತಾಮ್ರ ಕರಗಿಯೇ ಇದೆ, ಪಾಲಿ ಎಷ್ಟು ಸುರಿದರೂ ಕೂರುವುದಿಲ್ಲ. ಪಿಹೆಚ್ 10.5 ಮಾಡಿದರೂ ಅಮೋನಿಯಾ ಹಿಡಿತ ಪೂರ್ತಿ ಬಿಡುತ್ತದೆ ಅನ್ನೋ ಖಾತ್ರಿ ಇಲ್ಲ, ದಯವಿಟ್ಟು ಅದನ್ನೇ ನೆಚ್ಚಿಕೊಳ್ಳಬೇಡಿ. ಬೀಕರ್‌ನಲ್ಲಿ ಜಾರ್ ಟೆಸ್ಟ್ (ಸ್ವಲ್ಪ ನೀರಲ್ಲಿ ಪ್ರಯೋಗ) ಮಾಡಿ: ಪಿಹೆಚ್ 9ರಲ್ಲೇ ಇಟ್ಟು ಸೋಡಿಯಂ ಸಲ್ಫೈಡ್ ಸ್ವಲ್ಪ ಸ್ವಲ್ಪವೇ ಹಾಕಿ. ಆಸಿಡ್ ನೀರಿಗೆ ಸಲ್ಫೈಡ್ ಯಾವತ್ತೂ ಹಾಕಬೇಡಿ, ಬರುವ ಗ್ಯಾಸ್ ಜೀವ ತೆಗೆಯುತ್ತದೆ. ಉಳಿದ ಸಲ್ಫೈಡ್‌ಗೆ ಕೊನೆಯಲ್ಲಿ ಫೆರಸ್ ಸಲ್ಫೇಟ್.

ಝೀರೋ_ಡಿಸ್ಚಾರ್ಜ್: ನಮ್ಮಲ್ಲಿ ಅಯಾನ್ ಎಕ್ಸ್‌ಚೇಂಜ್, ಅದರ ಮೇಲೆ ಎರಡು ಸ್ಟೇಜ್ ಆರ್‌ಒ, ಆಮೇಲೆ ಇವ್ಯಾಪೊರೇಟರ್. ಪ್ಯಾನೆಲ್ ಪೂರ್ತಿ ಟಚ್ ಸ್ಕ್ರೀನ್. ಈ ತಲೆನೋವೇ ಇಲ್ಲ.

ಸುಣ್ಣ_ಪ್ರಿಯ: ಆ ಆರ್‌ಒ ಮೆಂಬ್ರೇನ್ ಯಾವುದು? ಫೋಟೋ ಹಾಕಿ.

ಪೀಣ್ಯ_ಆಪರೇಟರ್: ಜಾರ್ ಟೆಸ್ಟ್ ಆಯಿತು. ಸಲ್ಫೈಡ್ ಬಿದ್ದ ತಕ್ಷಣ ನೀರು ಕಪ್ಪಾಯಿತು, ಫೆರಸ್ ಮತ್ತು ಪಾಲಿ ಹಾಕಿದ ಮೇಲೆ ಕೆಳಗೆ ಕೂತಿತು, ಮೇಲಿನ ನೀರಲ್ಲಿ ನೀಲಿ ಇಲ್ಲ. ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದ್ದೇನೆ. ಮೇಷ್ಟ್ರೇ, ಎಚಿಂಗ್ ರಿನ್ಸ್‌ಗೆ ಬೇರೆ ಟ್ಯಾಂಕ್ ಮಾಡಿದರೆ ಸಲ್ಫೈಡ್ ಅಲ್ಲಿಗೆ ಮಾತ್ರ ಸಾಕಾ?

ಲ್ಯಾಬ್_ಮೇಷ್ಟ್ರು: ಸಾಕು. ಎಲೆಕ್ಟ್ರೋಲೆಸ್ ಕಾಪರ್ (ಕರೆಂಟ್ ಇಲ್ಲದೆ ತಾಮ್ರ ಲೇಪಿಸುವ) ರಿನ್ಸ್ ಇದ್ದರೆ ಅದನ್ನೂ ಬೇರೆ ಮಾಡಿ, ಅದರಲ್ಲಿ ಸಾಮಾನ್ಯವಾಗಿ ಇಡಿಟಿಎ ಇರುತ್ತದೆ, ಅದೂ ತಾಮ್ರವನ್ನು ನೀರಲ್ಲೇ ಹಿಡಿದಿಡುವ ರಾಸಾಯನಿಕ. ಇದೆಯಾ?

ಝೀರೋ_ಡಿಸ್ಚಾರ್ಜ್: ಫೋಟೋ ನಾಳೆ ಹಾಕುತ್ತೇನೆ, ಈಗ ಶಿಫ್ಟ್ ಮುಗಿಯಿತು.